ಡ್ರೈವರ್‌ಗೆ ಅಡ್ರೆಸ್ಸು ಯಾಕ್ರೀ ಬೇಕು?

ಮೊದಲೇ ಹೇಳಿಬಿಡ್ತೀನಿ, ಇದು ಆಟೋ ಡ್ರೈವರ್‌ಗಳ ಬಗ್ಗೆ ಅಲ್ಲ. ರಾತ್ರಿ ಒಂಬತ್ತಾದ್ರೆ ಶ್ರೀರಾಂಪುರಕ್ಕೆ ಬರಲ್ಲ ಅನ್ನೋ ಆಟೋದವರನ್ನ ಇನ್ನೊಂದು ದಿನ ಬೈತೀನಿ. ಇವತ್ತು ಬೈಯೋಕೆ ಕೂತಿರೋದು ಕಂಪ್ಯೂಟರ್ ಒಳಗಿನ ಡಿವೈಸ್ ಡ್ರೈವರ್‌ಗಳನ್ನ, ಸರಿಯಾಗಿ ಹೇಳಬೇಕಂದ್ರೆ ಅವನ್ನ ಹೆಂಗೆಂಗೋ ಬರೆಸಿ ಕೈತೊಳ್ಕೊಳ್ಳೋ ಕಂಪನಿಗಳನ್ನ.

ಕನ್ನಡ ಬ್ಲಾಗಿಗರಲ್ಲಿ ಸಾಫ್ಟ್‌ವೇರ್‌ನವರು ಎಷ್ಟು ಜನ ಅಂತ ನಿಮಗೇ ಗೊತ್ತು. ಆದ್ರೆ ನಾವು ಬರೆಯೋದು ಕವಿತೆ, ಸಿನಿಮಾ, ಕುಮಾರಪರ್ವತ ಹತ್ತಿದ ಕಥೆ. ದಿನಕ್ಕೆ ಒಂಬತ್ತು ಗಂಟೆ ಮಾಡೋ ಕೆಲಸದ ಬಗ್ಗೆ ಕನ್ನಡದಲ್ಲಿ ಜಗಳ ಆಡೋದು ಅಪರೂಪ. ಅದಕ್ಕೇ ಈ ಪೋಸ್ಟು. ಸ್ವಲ್ಪ ಉದ್ದ ಇದೆ, ಕಾಫಿ ತಗೊಂಡು ಬನ್ನಿ.

ಡ್ರೈವರ್ ಅಂದ್ರೆ ಏನು ಅಂತ ಗೊತ್ತಿಲ್ಲದೋರಿಗೆ ಎರಡೇ ಮಾತು. ನಿಮ್ಮ ಫೋನಿನ ಟಚ್ ಸ್ಕ್ರೀನ್ ಹಿಂದೆ ಒಂದು ಪುಟ್ಟ ಚಿಪ್ಪು ಇರುತ್ತೆ. ಆ ಚಿಪ್ಪಿನ ಭಾಷೆ ಗೊತ್ತಿರೋ ಪ್ರೋಗ್ರಾಮೇ ಡ್ರೈವರ್. ಅದು ಆಪರೇಟಿಂಗ್ ಸಿಸ್ಟಮ್ಮಿನ ಹೊಟ್ಟೆಯೊಳಗೆ, ಅಂದ್ರೆ ಕರ್ನಲ್‌ನಲ್ಲಿ ಕೂತಿರುತ್ತೆ. ಅದು ಕೆಲಸ ಶುರು ಮಾಡೋಕೆ ಒಂದಷ್ಟು ಸಾಮಾನು ಬೇಕು: ಚಿಪ್ಪು ಯಾವ ಅಡ್ರೆಸ್ಸಲ್ಲಿದೆ, "ಬೆರಳು ಬಿತ್ತು" ಅಂತ ಕೂಗೋ ಇಂಟರಪ್ಟ್ ಯಾವುದು, ಚಿಪ್ಪನ್ನ ರೀಸೆಟ್ ಮಾಡೋ ಪಿನ್ ಯಾವುದು, ಕರೆಂಟು ಎಲ್ಲಿಂದ ಬರುತ್ತೆ.

ಇವನ್ನ ತಿಳ್ಕೊಳ್ಳೋಕೆ ಎರಡು ದಾರಿ. ಒಂದು, ನಂಬರನ್ನ ಡ್ರೈವರ್ ಒಳಗೇ ಬರೆದಿಡೋದು: ರೀಸೆಟ್ ಅಂದ್ರೆ 17ನೇ ಪಿನ್, ಮುಗೀತು. ಇನ್ನೊಂದು, ಡ್ರೈವರ್ ಕರ್ನಲ್ಲನ್ನ "ನನ್ನ ರೀಸೆಟ್ ಯಾವುದೋ ಅದನ್ನ ಕೊಡಪ್ಪಾ" ಅಂತ ಹೆಸರು ಹಿಡಿದು ಕೇಳೋದು. ಯಾವ ಪಿನ್ನು, ಯಾವ ಚಿಪ್ಪಿನದು ಅನ್ನೋದು ಡ್ರೈವರ್‌ಗೆ ಗೊತ್ತೇ ಆಗಬಾರದು. ಅದು ಬೋರ್ಡಿನ ವಿಷಯ, ಬೇರೆ ಕಡೆ ಒಂದು ಸಲ ಬರೆದಿರಬೇಕು.

ಮೊದಲನೇ ದಾರಿ ಬೋರ್ಡಿನ ಡ್ರೈವರ್‌ಗಳಲ್ಲಿ ಯಾವತ್ತೂ ತಪ್ಪು ಅನ್ನೋದು ನನ್ನ ವಾದ. "ಸಣ್ಣ ಪ್ರಾಜೆಕ್ಟಿಗೆ ಪರವಾಗಿಲ್ಲ", "ಡೆಡ್‌ಲೈನ್ ಇತ್ತು", "ಒಂದೇ ಬೋರ್ಡು ತಾನೇ", ಇವೆಲ್ಲ ಸಬೂಬು. ಈ ಸಬೂಬಿನ ಬಿಲ್ಲು ಕಟ್ಟೋದು ಎಂಜಿನಿಯರ್ ಅಲ್ಲ, ಕಂಪನಿನೂ ಅಲ್ಲ, ಫೋನು ಕೊಂಡೋರು.

ನಮ್ಮ ಏರಿಯಾದಲ್ಲಿ ಒಂದು ಮನೆ ಹುಡುಕೋಕೆ ಹೋಗಿ ನೋಡಿ. ಗೇಟಿನ ಮೇಲೆ "ಹಳೇ ನಂ." ಒಂದು, "ಹೊಸ ನಂ." ಇನ್ನೊಂದು. ಪಕ್ಕದ ಮನೆಗೆ ಇದಕ್ಕೂ ಅದಕ್ಕೂ ಸಂಬಂಧವೇ ಇಲ್ಲದ ಮೂರನೇ ಲೆಕ್ಕ. ಕೊರಿಯರ್ ಹುಡುಗ ಏನ್ ಮಾಡ್ತಾನೆ? ನಂಬರ್ ನಂಬಲ್ಲ, ಫೋನ್ ಮಾಡಿ "ಸಾರ್, ಯಾವ ದೇವಸ್ಥಾನದ ಹತ್ರ?" ಅಂತಾನೆ. ಕೊರಿಯರ್ ಹುಡುಗನಿಗಿರೋ ಈ ಬುದ್ಧಿ ನಮ್ಮ ಎಂಬೆಡೆಡ್ ಕಂಪನಿಗಳಿಗೆ ಬರೋಕೆ ಇಪ್ಪತ್ತು ವರ್ಷ ಬೇಕಾಯ್ತು. ಕೆಲವರಿಗೆ ಇನ್ನೂ ಬಂದಿಲ್ಲ.

ಸ್ವಲ್ಪ ಚರಿತ್ರೆ ನೋಡೋಣ, ನಮ್ಮೂರಿನಿಂದಲೇ. ಸಿಂಪ್ಯೂಟರ್ ನೆನಪಿದೆಯಾ? ಭಾರತೀಯ ವಿಜ್ಞಾನ ಸಂಸ್ಥೆಯ ಮೇಷ್ಟ್ರುಗಳು ಮತ್ತು ಎನ್‌ಕೋರ್ ಕಂಪನಿಯವರು ಸೇರಿ ವಿನ್ಯಾಸ ಮಾಡಿದ್ದು. 2004ರಲ್ಲಿ ಬಿಇಎಲ್ ಮತ್ತು ಪಿಕೋಪೆಟಾ ಸೇರಿ ಅಮಿಡಾ ಅನ್ನೋ ಹೆಸರಲ್ಲಿ ಮಾರ್ಕೆಟ್ಟಿಗೆ ತಂದರು. ಒಳಗೆ ಇಂಟೆಲ್‌ನ ಸ್ಟ್ರಾಂಗ್‌ಆರ್ಮ್ ಎಸ್‌ಎ-1110, 206 ಮೆಗಾಹರ್ಟ್ಸ್, ಮೇಲೆ ಲಿನಕ್ಸ್. ಐಫೋನ್ ಬರೋಕೆ ಮೂರು ವರ್ಷ ಮುಂಚೆ, ಅದೂ ಜಾಲಹಳ್ಳಿ ಕಡೆಯವರ ಕೈಯಿಂದ! ಅದು ಯಾಕೆ ಓಡಲಿಲ್ಲ ಅನ್ನೋದಕ್ಕೆ ಬೇರೆ ಕಾರಣಗಳಿವೆ, ಅದು ಬೇರೆ ಪೋಸ್ಟು. ನನಗೆ ಇಲ್ಲಿ ಬೇಕಾಗಿರೋದು ಆ ಕಾಲದ ಸ್ಟ್ರಾಂಗ್‌ಆರ್ಮ್ ಲಿನಕ್ಸ್.

ಆಗಿನ 2.4 ಕರ್ನಲ್‌ನ ಎಸ್‌ಎ-1100 ಡಿಸ್‌ಪ್ಲೇ ಡ್ರೈವರ್ ತೆಗೆದು ನೋಡಿ. ಆ ಫೈಲಿನೊಳಗೆ "ಈ ಮಷೀನು ಅಸಾಬೆಟ್ ಆಗಿದ್ರೆ ಹೀಗೆ, ಫ್ರೀಬರ್ಡ್ ಆಗಿದ್ರೆ ಹಾಗೆ" ಅಂತ ಬೋರ್ಡುಗಳ ಜಾತ್ರೆಯೇ ಇದೆ. ಹೊಸ ಬೋರ್ಡ್ ಮಾಡಿದ್ರಾ? ಡ್ರೈವರ್‌ಗೆ ಇನ್ನೊಂದು "ಆಗಿದ್ರೆ" ಸೇರಿಸಿ. ಒಂದೇ ಚಿಪ್ಪಿನ ಡ್ರೈವರ್ ಜಗತ್ತಿನ ಎಲ್ಲಾ ಬೋರ್ಡುಗಳ ಜಾತಕ ಇಟ್ಕೊಂಡು ಕೂತಿತ್ತು.

ಅದು ಯಾವ ಬೋರ್ಡು ಅಂತ ಕರ್ನಲ್‌ಗೆ ಗೊತ್ತಾಗ್ತಿದ್ದದ್ದು ಹೇಗೆ ಗೊತ್ತಾ? ಬೂಟ್‌ಲೋಡರ್ ಒಂದು ರಿಜಿಸ್ಟರ್‌ನಲ್ಲಿ ಒಂದು ನಂಬರ್ ಹಾಕಿ ಕೊಡ್ತಿತ್ತು. ಪ್ರಪಂಚದ ಪ್ರತಿ ಆರ್ಮ್ ಬೋರ್ಡಿಗೂ ಒಂದೊಂದು ಮಷೀನ್ ನಂಬರ್. ಅದರ ಪಟ್ಟಿಯನ್ನ ಇಂಗ್ಲೆಂಡಿನ ರಸೆಲ್ ಕಿಂಗ್ ನೋಡ್ಕೋತಿದ್ದ. ಅವನ ಹತ್ರ ಅರ್ಜಿ ಹಾಕಿ ನಂಬರ್ ತಗೋಬೇಕು, ನಮ್ಮ ಆರ್‌ಟಿಓ ಥರ. ಸಾವಿರಾರು ನಂಬರ್ ಆದವು.

ಆಮೇಲೆ ಸ್ವಲ್ಪ ಸುಧಾರಣೆ ಆಯ್ತು. ಆ "ಆಗಿದ್ರೆ"ಗಳನ್ನ ಡ್ರೈವರ್‌ನಿಂದ ಕಿತ್ತು ಬೋರ್ಡಿಗೊಂದು ಸಿ ಫೈಲು ಅಂತ ಮಾಡಿದರು. ಅದಕ್ಕೆ ಬೋರ್ಡ್ ಫೈಲ್ ಅಂತ ಹೆಸರು. ಡ್ರೈವರ್ ಶುದ್ಧ ಆಯ್ತು, ಸರಿ. ಆದ್ರೆ ಕಸ ಮನೆಯಿಂದ ಬೀದಿಗೆ ಬಂತು ಅಷ್ಟೆ. ಕರ್ನಲ್ ಒಳಗೆ ನೂರಾರು ಬೋರ್ಡ್ ಫೈಲು, ಒಂದರ ಕಾಪಿ ಇನ್ನೊಂದು, ಒಂದು ರೆಸಿಸ್ಟರ್ ಬದಲಾದ್ರೆ ಕರ್ನಲ್ಲನ್ನೇ ಮತ್ತೆ ಕಂಪೈಲ್ ಮಾಡಬೇಕು.

2011ರ ಮಾರ್ಚ್‌ನಲ್ಲಿ ಲೀನಸ್ ಟೊರ್ವಾಲ್ಡ್ಸ್‌ಗೆ ತಲೆ ಕೆಟ್ಟುಹೋಯ್ತು. ಈ ಆರ್ಮ್ ಸಹವಾಸವೇ ಸಾಕು ಅನ್ನೋ ಅರ್ಥದಲ್ಲಿ ಒಂದು ಮೇಲ್ ಬರೆದ (ಅವನು ಬಳಸಿದ ಪದ ನಮ್ಮಮ್ಮ ಓದೋ ಬ್ಲಾಗಲ್ಲಿ ಬರೆಯೋಕಾಗಲ್ಲ :-)). ಅವತ್ತು ಅವನ ಮುಂದಿದ್ದದ್ದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಓಮ್ಯಾಪ್ ಚಿಪ್ಪುಗಳ ಕೋಡು. 1985ರಲ್ಲೇ ಬೆಂಗಳೂರಿಗೆ ಬಂದು, ಡಿಶ್ ಆಂಟೆನಾನ ಎತ್ತಿನ ಗಾಡೀಲಿ ಸಾಗಿಸಿದ ಕಥೆಯ ಅದೇ ಕಂಪನಿ. ಓಮ್ಯಾಪ್‌ನ ಲಿನಕ್ಸ್ ಕೆಲಸದಲ್ಲಿ ಬೆಂಗಳೂರಿನವರ ಪಾಲೂ ಇತ್ತು. ಹಾಗಾಗಿ ಆ ಬೈಗುಳದಲ್ಲಿ ನಮ್ಮೂರಿಗೂ ಒಂದು ಭಾಗ ಬಂದಿದೆ ಅಂತ ಧಾರಾಳವಾಗಿ ಹೇಳ್ಕೋಬಹುದು. ಹಾಗಂತ ತಪ್ಪು ಒಂದೇ ಕಂಪನೀದಲ್ಲ. ಆರ್ಮ್ ಪ್ರಪಂಚ ಪೂರ್ತಿ ಹಾಗೇ ಇತ್ತು.

ಪಿಸಿಯಲ್ಲಿ ಈ ತಲೆನೋವು ಕಡಿಮೆ, ಯಾಕಂದ್ರೆ ಪಿಸಿಐ ಕಾರ್ಡು, ಯುಎಸ್‌ಬಿ ಇವೆಲ್ಲ "ನಾನು ಇಂಥವನು" ಅಂತ ತಾವೇ ಹೇಳ್ಕೊಳ್ಳುತ್ತವೆ. ಫೋನಿನ ಚಿಪ್ಪಿನೊಳಗಿನ ಭಾಗಗಳಿಗೆ ಬಾಯಿಲ್ಲ. ಹುಡುಕೋಕೆ ಹೋಗಿ ಇಲ್ಲದ ಅಡ್ರೆಸ್ ಓದಿದ್ರೆ ಇಡೀ ಸಿಸ್ಟಮ್ಮೇ ನಿಂತು ಹೋಗಬಹುದು. ಹಾಗಾಗಿ ಯಾರಾದ್ರೂ ಬರೆದುಕೊಡಲೇಬೇಕು. ಪ್ರಶ್ನೆ ಇಷ್ಟೇ: ಎಲ್ಲಿ ಬರೀಬೇಕು, ಯಾವ ರೂಪದಲ್ಲಿ?

ಉತ್ತರ ಆಗಲೇ ಇತ್ತು. ಓಪನ್ ಫರ್ಮ್‌ವೇರ್ ಅನ್ನೋ 1994ರ ಐಇಇಇ ಸ್ಟ್ಯಾಂಡರ್ಡ್‌ನಲ್ಲಿ ಡಿವೈಸ್ ಟ್ರೀ ಅಂತ ಒಂದು ಕಲ್ಪನೆ. ಬೋರ್ಡಿನ ಮೇಲೆ ಏನೇನಿದೆ, ಯಾವುದಕ್ಕೆ ಯಾವುದು ಜೋಡಿಸಿದೆ ಅಂತ ಮರದ ಆಕಾರದಲ್ಲಿ ಬರೆದ ಒಂದು ವಿವರಣೆ. ಕೋಡ್ ಅಲ್ಲ, ಬರೀ ವಿವರಣೆ. ಪವರ್‌ಪಿಸಿ ಲಿನಕ್ಸ್‌ನವರು ಅದನ್ನ ಬಳಸ್ತಾ ಇದ್ದರು. 2011ರ ಗಲಾಟೆ ಆದ್ಮೇಲೆ ಆರ್ಮ್‌ನವರೂ ಅದಕ್ಕೆ ಬಂದರು. 2012ರ ಡಿಸೆಂಬರ್‌ನಲ್ಲಿ 3.7 ಕರ್ನಲ್‌ಗೆ 64 ಬಿಟ್ ಆರ್ಮ್ ಬಂದಾಗ ಬೋರ್ಡ್ ಫೈಲಿಗೆ ಅಲ್ಲಿ ಜಾಗವೇ ಕೊಡಲಿಲ್ಲ. 2023ರ 6.3 ಕರ್ನಲ್‌ನಲ್ಲಿ ಯಾರೂ ಬಳಸದ ಹಳೇ ಬೋರ್ಡ್ ಫೈಲುಗಳನ್ನ ರಾಶಿ ರಾಶಿ ಕಿತ್ತು ಬಿಸಾಕಿದರು.

ಆದ್ರೆ ನನ್ನ ಪ್ರಕಾರ ಈ ಕಥೆಯ ನಿಜವಾದ ಹೀರೋ ಡಿವೈಸ್ ಟ್ರೀ ಅಲ್ಲ. 2014ರ ಜನವರಿಯಲ್ಲಿ 3.13 ಕರ್ನಲ್ ಜೊತೆ ಬಂದ ಒಂದು ಸಣ್ಣ ಬದಲಾವಣೆ. ಜಿಪಿಐಒ ಅಂದ್ರೆ ಚಿಪ್ಪಿನಿಂದ ಹೊರಗೆ ಬರೋ ಸಾದಾ ತಂತಿ, ಒಂದು ಅಥವಾ ಸೊನ್ನೆ. ಅಲ್ಲಿಯವರೆಗೆ ಡ್ರೈವರ್‌ಗಳು ಅದನ್ನ ಒಂದು ಪೂರ್ಣಾಂಕದಿಂದ ಕರೀತಿದ್ದವು, ಇಡೀ ಸಿಸ್ಟಮ್ಮಿಗೆ ಒಂದೇ ಲೆಕ್ಕ. 3.13ರಿಂದ ಡ್ರೈವರ್ "ರೀಸೆಟ್" ಅಂತ ಕೇಳಿದ್ರೆ ಕೈಗೆ ಒಂದು ಡಿಸ್ಕ್ರಿಪ್ಟರ್ ಸಿಗುತ್ತೆ. ಒಳಗೆ ಏನಿದೆ ಅಂತ ಬಿಚ್ಚಿ ನೋಡೋ ಹಾಗಿಲ್ಲ. "ಈ ಟಚ್ ಚಿಪ್ಪಿನ ರೀಸೆಟ್ ಅಂದ್ರೆ ಒಂದನೇ ಬ್ಲಾಕಿನ 17ನೇ ತಂತಿ, ಸೊನ್ನೆ ಬಂದ್ರೆ ರೀಸೆಟ್ ಅಂತ ಅರ್ಥ" ಅನ್ನೋ ಇಡೀ ವಾಕ್ಯ ಡಿವೈಸ್ ಟ್ರೀಯಲ್ಲಿ ಇರುತ್ತೆ.

ಆ ವಾಕ್ಯದ ಕೊನೇ ತುಂಡು ಗಮನಿಸಿ: "ಸೊನ್ನೆ ಬಂದ್ರೆ ರೀಸೆಟ್". ನಾನು ಕಣ್ಣಾರೆ ನೋಡಿದ ಒಂದು ಪ್ರಾಜೆಕ್ಟ್ ಹೇಳ್ತೀನಿ (ಕಂಪನಿ ಹೆಸರು ಕೇಳಬೇಡಿ). ಡಿಸ್‌ಪ್ಲೇ ಡ್ರೈವರ್‌ನಲ್ಲಿ ಪಿನ್ ನಂಬರೂ, "ಸೊನ್ನೆ ಬರಿ" ಅನ್ನೋದೂ ನೇರವಾಗಿ ಕೆತ್ತಿದ್ದರು. ಬೋರ್ಡಿನ ಎರಡನೇ ಆವೃತ್ತಿಯಲ್ಲಿ ಪಿನ್ ಬದಲಾಯ್ತು. ಲೀಡ್ ಹೇಳಿದ್ದು, "ಒಂದು ಇಫ್ ಹಾಕಿ ಶಿಪ್ ಮಾಡ್ರಿ". ಮೂರನೇ ಆವೃತ್ತಿಯಲ್ಲಿ ಹಾರ್ಡ್‌ವೇರ್‌ನವರು ಮಧ್ಯೆ ಒಂದು ಟ್ರಾನ್ಸಿಸ್ಟರ್ ಹಾಕಿದರು. ಸಿಗ್ನಲ್ ತಲೆಕೆಳಗಾಯ್ತು. ಈಗ ಡ್ರೈವರ್ "ಎದ್ದೇಳು" ಅಂದಾಗೆಲ್ಲ ಪ್ಯಾನೆಲ್ಲಿಗೆ "ಮಲಕ್ಕೋ" ಅಂತ ಕೇಳಿಸ್ತಿತ್ತು. ಪರದೆ ಕಪ್ಪು.

ಮೂರು ವಾರ! ಪ್ಯಾನೆಲ್ ಮಾಡಿದವರನ್ನ ಬೈದ್ರು, ಕೇಬಲ್ ಬದಲಾಯಿಸಿದ್ರು, ಆಸಿಲೋಸ್ಕೋಪ್ ಮುಂದೆ ಮೀಟಿಂಗ್ ಆಯ್ತು. ಡ್ರೈವರ್ ಒಳಗೆ ಆ ಸೊನ್ನೆ ಹಾಯಾಗಿ ಕೂತಿತ್ತು. ಹೆಸರು ಹಿಡಿದು ಕೇಳೋ ಡ್ರೈವರ್ ಆಗಿದ್ದಿದ್ರೆ ಡಿವೈಸ್ ಟ್ರೀಯಲ್ಲಿ ಒಂದು ಪದ ಬದಲಾಯಿಸಿದ್ರೆ ಸಾಕಿತ್ತು. ಡ್ರೈವರ್ ಬರೀ "ರೀಸೆಟ್ ಮಾಡು" ಅನ್ನುತ್ತೆ, ಅದು ಸೊನ್ನೆಯೋ ಒಂದೋ ಅನ್ನೋದು ಅದಕ್ಕೆ ಬೇಡದ ಉಸಾಬರಿ.

ಇದನ್ನ ಕನ್ನಡ ಬ್ಲಾಗಿಗರಿಗೆ ನಾನು ಇಷ್ಟೊಂದು ವಿವರಿಸೋ ಅಗತ್ಯವೇ ಇಲ್ಲ ಕಣ್ರೀ. ಈ ಜಗಳ ನಾವು ಆಗಲೇ ಒಂದು ಸಲ ಆಡಿ ಗೆದ್ದಿದ್ದೀವಿ. ಯುನಿಕೋಡ್‌ಗಿಂತ ಮುಂಚೆ ಕನ್ನಡ ಹೇಗಿತ್ತು? ಪ್ರತಿ ಫಾಂಟಿನವರೂ ಅಕ್ಷರದ ತುಂಡುಗಳನ್ನ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸ್ತಿದ್ದರು. ತಲೆಕಟ್ಟು ಇಲ್ಲಿ, ಕೊಂಬು ಅಲ್ಲಿ, ಒತ್ತಕ್ಷರ ಇನ್ನೆಲ್ಲೋ. ಫೈಲಿನೊಳಗೆ ಇರ್ತಿದ್ದದ್ದು ಅಕ್ಷರ ಅಲ್ಲ, ಆ ಫಾಂಟಿನ ಯಾವ ಗೂಡಲ್ಲಿ ಯಾವ ಚಿತ್ರ ಇದೆ ಅನ್ನೋ ನಂಬರ್. ಫಾಂಟ್ ಬದಲಾಯಿಸಿದ್ರೆ ಕವಿತೆ ಹೋಗಿ ಕಾಗೆ ಕಾಲು. ಯುನಿಕೋಡ್ ಹೇಳಿದ್ದೇನು? ಚಿತ್ರದ ಜಾಗ ಬರೀಬೇಡ, ಅಕ್ಷರದ ಗುರುತು ಬರಿ. ಹೇಗೆ ಬಿಡಿಸೋದು ಅಂತ ಫಾಂಟು ನೋಡ್ಕೊಳ್ಳಲಿ.

"ಯುನಿಕೋಡೂ ನಂಬರ್ರೇ ಅಲ್ವಾ" ಅಂತ ಯಾರೋ ಬುದ್ಧಿವಂತ ಬಂದೇ ಬರ್ತಾನೆ, ಅದಕ್ಕೇ ಈಗಲೇ ಹೇಳ್ತೀನಿ. ಹೌದು, ನಂಬರ್ರೇ. ಆದ್ರೆ ಅದು "ಕ" ಅನ್ನೋ ಅಕ್ಷರದ ನಂಬರ್, "ಕ" ಬರೆದ ಚಿತ್ರ ಇರೋ ಗೂಡಿನ ನಂಬರ್ ಅಲ್ಲ. ಗುರುತಿಗೂ ಜಾಗಕ್ಕೂ ಇರೋ ವ್ಯತ್ಯಾಸವೇ ಈ ಇಡೀ ಪೋಸ್ಟು.

ಈಗ ಎದುರು ವಾದಗಳಿಗೆ ಬರೋಣ. "ಹೆಸರು ಹಿಡಿದು ಕೇಳಿದಾಗ ಕೊಡೋವನು ಇನ್ನೂ ಎದ್ದೇ ಇಲ್ಲಾಂದ್ರೆ?" ಇದು ಒಳ್ಳೇ ಪ್ರಶ್ನೆ. ಟಚ್ ಡ್ರೈವರ್ ಕರೆಂಟು ಕೇಳೋ ಹೊತ್ತಿಗೆ ಕರೆಂಟು ಕೊಡೋ ರೆಗ್ಯುಲೇಟರ್‌ನ ಡ್ರೈವರ್ರೇ ಶುರುವಾಗಿಲ್ಲದೆ ಇರಬಹುದು. ಮೊದಲೆಲ್ಲ ಇದಕ್ಕೆ ಡ್ರೈವರ್‌ಗಳ ಸರದಿಯನ್ನೇ ಹಿಂದೆ ಮುಂದೆ ಮಾಡಿ ಸರ್ಕಸ್ ಮಾಡ್ತಿದ್ದರು. 2012ರ 3.4 ಕರ್ನಲ್‌ನಲ್ಲಿ ಒಂದು ಸರಳ ಉಪಾಯ ಬಂತು: ಕೇಳಿದ್ದು ಸಿಗಲಿಲ್ಲ ಅಂದ್ರೆ ಡ್ರೈವರ್ "ಆಮೇಲೆ ಬರ್ತೀನಿ" ಅಂತ ಹೇಳಿ ಹೋಗಬೇಕು, ಕರ್ನಲ್ ಮತ್ತೆ ಕರೆಯುತ್ತೆ. ನಮ್ಮ ಏರಿಯಾದಲ್ಲಿ ಒಂದು ಕಾಲದಲ್ಲಿ ಬಾಗಿಲ ಮೇಲೆ ದೆವ್ವಕ್ಕೆ "ನಾಳೆ ಬಾ" ಅಂತ ಬರೀತಿದ್ರಲ್ಲ, ಅದೇ. ವ್ಯತ್ಯಾಸ ಇಷ್ಟೇ, ಇಲ್ಲಿ ದೆವ್ವ ನಿಜವಾಗಲೂ ನಾಳೆ ಬರುತ್ತೆ, ಬಾಗಿಲೂ ತೆಗೀತಾರೆ.

ಇನ್ನೊಂದು ವಾದ: "ಡಿವೈಸ್ ಟ್ರೀ ಬಂದ್ಮೇಲೂ ಏನೂ ಉದ್ಧಾರ ಆಗಿಲ್ಲ". ಇದನ್ನ ಅರ್ಧ ಒಪ್ತೀನಿ. ಯಾಕಂದ್ರೆ ಕಂಪನಿಗಳು ಅದನ್ನೂ ಕುಲಗೆಡಿಸಿದವು. ಫೋನುಗಳ ಜೊತೆ ಬರೋ ಡಿವೈಸ್ ಟ್ರೀ ತೆಗೆದು ನೋಡಿ, ಪರದೆ ಆನ್ ಮಾಡೋಕೆ ಯಾವ ಬೈಟ್ ಆದ್ಮೇಲೆ ಯಾವ ಬೈಟ್ ಕಳಿಸಬೇಕು ಅಂತ ಉದ್ದುದ್ದ ಸಾಲು ತುರುಕಿರ್ತಾರೆ. ಇದು ವಿವರಣೆ ಅಲ್ಲ ಸ್ವಾಮಿ, ಡ್ರೈವರ್ ಕೋಡನ್ನ ಹಿಂಬಾಗಿಲಿಂದ ಸಾಗಿಸೋದು. ಮೊದಲು ಬೋರ್ಡಿನ ವಿಷಯ ಡ್ರೈವರ್ ಒಳಗಿತ್ತು, ಈಗ ಡ್ರೈವರ್ ವಿಷಯ ಬೋರ್ಡಿನೊಳಗೆ. ಅದೇ ರೋಗ, ಕನ್ನಡಿಯಲ್ಲಿ ನೋಡಿದ ಹಾಗೆ.

ಅದರ ಮೇಲೆ, ಹೆಸರುಗಳು ಒಂದು ಒಪ್ಪಂದ. ಇವತ್ತು "ರೀಸೆಟ್" ಅಂತ ಇಟ್ಟಿದ್ದನ್ನ ಮುಂದಿನ ವರ್ಷ ಇನ್ನೊಂದು ಹೆಸರಿಗೆ ಬದಲಾಯಿಸಿದ್ರೆ ಹಳೇ ಫೋನಿನ ಮೇಲೆ ಹೊಸ ಕರ್ನಲ್ ಏಳಲ್ಲ. ಅದಕ್ಕೇ ಮುಖ್ಯ ಕರ್ನಲ್‌ನಲ್ಲಿ ಈ ಹೆಸರುಗಳನ್ನ ಸೇರಿಸೋಕೆ ಮುಂಚೆ ದಾಖಲೆ ಬರೆಸ್ತಾರೆ, ಜಗಳ ಆಡ್ತಾರೆ, ತಿಂಗಳುಗಟ್ಟಲೆ ಸತಾಯಿಸ್ತಾರೆ. ನಮ್ಮ ಮ್ಯಾನೇಜರುಗಳಿಗೆ ಇದು ಆಗಿಬರಲ್ಲ, "ಒಂದು ಹೆಸರಿಗೆ ಇಷ್ಟು ರಗಳೆನಾ" ಅಂತಾರೆ. ಮಗುವಿಗೆ ಹೆಸರಿಡೋಕೆ ಜಾತಕ, ಪಂಚಾಂಗ, ಸೋದರತ್ತೆ ಎಲ್ಲಾ ಬೇಕು, ಹತ್ತು ವರ್ಷ ಲಕ್ಷಾಂತರ ಫೋನುಗಳಲ್ಲಿ ಬದುಕೋ ಹೆಸರಿಗೆ ಒಂದು ತಿಂಗಳು ಹೆಚ್ಚಾಯ್ತಾ?

ಹೆಸರೊಂದಿದ್ರೆ ಎಲ್ಲಾ ಆಯ್ತು ಅಂತಲೂ ನಾನು ಹೇಳ್ತಿಲ್ಲ. ಕೇಳಿ ತಗೊಂಡ ವಸ್ತು ಮಧ್ಯದಲ್ಲಿ ಮಾಯ ಆದ್ರೆ? ಯುಎಸ್‌ಬಿಗೆ ಚುಚ್ಚೋ ಜಿಪಿಐಒ ಕಡ್ಡಿಗಳು ಸಿಗ್ತವೆ. ಬಳಸ್ತಾ ಇರುವಾಗಲೇ ಅದನ್ನ ಎಳೆದು ಹಾಕಿದ್ರೆ ಡ್ರೈವರ್ ಕೈಯಲ್ಲಿರೋದು ಸತ್ತವನ ವಿಳಾಸ. ಇದನ್ನ ಸರಿಯಾಗಿ ನಿಭಾಯಿಸೋ ಹಾಗೆ ಜಿಪಿಐಒ ಭಾಗದ ಒಳಗಿನ ಬೀಗಗಳನ್ನ 2024ರ 6.9 ಕರ್ನಲ್‌ನಲ್ಲಿ ಹೊಸದಾಗಿ ಕಟ್ಟಿದರು. ಅಂಥ ದೊಡ್ಡ ರಿಪೇರಿ ಸಾಧ್ಯ ಆಗಿದ್ದು ಡ್ರೈವರ್‌ಗಳ ಕೈಯಲ್ಲಿ ಬರೀ ಡಿಸ್ಕ್ರಿಪ್ಟರ್ ಇದ್ದದ್ದರಿಂದ. ಎಲ್ಲರ ಕೈಯಲ್ಲೂ ಹಸಿ ನಂಬರ್ ಇದ್ದಿದ್ರೆ ಒಳಗಿನ ಸೀಸೆ ಬದಲಾಯಿಸೋಕೆ ಯಾರಿಗೂ ಆಗ್ತಿರಲಿಲ್ಲ.

ಇದರಿಂದ ಸಾಮಾನ್ಯ ಜನಕ್ಕೆ ಏನು ಅಂತೀರಾ? ಮೆಜೆಸ್ಟಿಕ್‌ನ ನ್ಯಾಷನಲ್ ಮಾರ್ಕೆಟ್ಟಿಗೋ ಎಸ್‌ಪಿ ರೋಡಿಗೋ ಹೋಗಿ ನೋಡಿ. ಪರದೆ ಚೆನ್ನಾಗಿದೆ, ಬ್ಯಾಟರಿ ಬದಲಾಯಿಸಬಹುದು, ಪ್ರೊಸೆಸರ್ ಗಟ್ಟಿ, ಆದ್ರೂ ಫೋನು ಗುಜರಿ. ಯಾಕಂದ್ರೆ ಅಪ್‌ಡೇಟ್ ನಿಂತುಹೋಗಿದೆ, ಬ್ಯಾಂಕಿನ ಆಪ್ ಓಡಲ್ಲ. ಅಪ್‌ಡೇಟ್ ಯಾಕೆ ನಿಂತಿತು? ಕಂಪನಿಗಳ ವ್ಯಾಪಾರ ಬುದ್ಧಿ ಒಂದು ಕಾರಣ, ಇಲ್ಲ ಅನ್ನಲ್ಲ. ಆದ್ರೆ ಚಿಪ್ಪಿನ ಕಂಪನಿ ಕೊಟ್ಟ ಹಳೇ ಕರ್ನಲ್‌ನಲ್ಲಿ ಆ ಒಂದು ಬೋರ್ಡಿಗೇ ಅಂಟಿಸಿದ ಡ್ರೈವರ್‌ಗಳ ರಾಶಿ ಇರುತ್ತೆ. ಅದನ್ನ ಹೊಸ ಕರ್ನಲ್‌ಗೆ ಎತ್ತಿಕೊಂಡು ಹೋಗೋ ಕೂಲಿ ಕೊಡೋಕೆ ಯಾರೂ ತಯಾರಿಲ್ಲ. ಗೂಗಲ್‌ಗೂ ಇದು ಅರ್ಥ ಆಗಿ, ಆಂಡ್ರಾಯ್ಡ್ 12 ಜೊತೆ 5.10 ಕರ್ನಲ್‌ನಲ್ಲಿ ಬರೋ ಹೊಸ ಫೋನುಗಳೆಲ್ಲ ಒಂದೇ ಸಾಮಾನ್ಯ ಕರ್ನಲ್ ಬಳಸಬೇಕು, ಬೋರ್ಡಿನ ಡ್ರೈವರ್‌ಗಳು ಬೇರೆ ಮಾಡ್ಯೂಲ್‌ಗಳಾಗಿ ಬರಬೇಕು ಅಂತ ನಿಯಮ ಮಾಡಿತು. ಇನ್ನೊಂದು ಕಡೆ 2017ರಲ್ಲಿ ಶುರುವಾದ ಪೋಸ್ಟ್‌ಮಾರ್ಕೆಟ್‌ಓಎಸ್‌ನವರು ಹಳೇ ಫೋನುಗಳ ಮೇಲೆ ಮುಖ್ಯ ಲಿನಕ್ಸನ್ನೇ ಓಡಿಸ್ತಿದ್ದಾರೆ. ಚಿಪ್ಪಿನ ಡ್ರೈವರ್‌ಗಳು ಮುಖ್ಯ ಕರ್ನಲ್‌ನಲ್ಲಿ ಆಗಲೇ ಇದ್ದ ಕಡೆ, ಹೊಸ ಫೋನು ಸೇರಿಸೋ ಕೆಲಸದ ಬಹುಪಾಲು ಒಂದು ಡಿವೈಸ್ ಟ್ರೀ ಫೈಲ್ ಬರೆಯೋದು.

ಕೊನೇದಾಗಿ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಕಡೆಗೆ ಒಂದು ಕಲ್ಲು. ರಾಸ್ಪ್‌ಬೆರಿ ಪೈ ತಂದು ಎಲ್‌ಇಡಿ ಮಿಣುಕಿಸೋ ಪ್ರಯೋಗ ಇರುತ್ತಲ್ಲ, ಎಷ್ಟೋ ಲ್ಯಾಬ್ ಮ್ಯಾನ್ಯುಯಲ್‌ಗಳಲ್ಲಿ ಅದನ್ನ ಇನ್ನೂ ಸಿಸ್‌ಎಫ್‌ಎಸ್ ಫೈಲಿಗೆ 17 ಅಂತ ಬರೆದು ಮಾಡಿಸ್ತಾರೆ. ಆ ದಾರಿ ಬಿಡಿ ಅಂತ ಕರ್ನಲ್‌ನವರು 2016ರಲ್ಲೇ 4.8ರ ಜೊತೆ ಹೇಳಿದ್ದಾರೆ, ಬೇರೆ ದಾರಿನೂ ಕೊಟ್ಟಿದ್ದಾರೆ. ಯಾರೂ ಕೇಳಲಿಲ್ಲ. 2024ರಲ್ಲಿ ಪೈಗೆ 6.6 ಕರ್ನಲ್ ಬಂದಾಗ ಜಿಪಿಐಒ ಲೆಕ್ಕ ಸೊನ್ನೆ ಬಿಟ್ಟು 512ರಿಂದ ಶುರುವಾಯ್ತು. ಪೈ 4ರಲ್ಲಿ ನಿನ್ನೆವರೆಗೆ 17 ಆಗಿದ್ದದ್ದು ಇವತ್ತು 529. ಹಳೇ ನಂಬರ್, ಹೊಸ ನಂಬರ್! ಎಲ್ಲರ ಸ್ಕ್ರಿಪ್ಟುಗಳೂ ಮಗುಚಿಕೊಂಡವು. "ಕರ್ನಲ್‌ನವರು ನಮ್ಮ ಕೋಡ್ ಮುರಿದರು" ಅಂತ ಗೋಳಾಡಿದೋರೇ ಜಾಸ್ತಿ. ಆ ನಂಬರ್ ನಿಮ್ಮದು ಅಂತ ಯಾರು ಮಾತು ಕೊಟ್ಟಿದ್ದರು?

ಅದೇ ಪೈನಲ್ಲಿ ಪ್ರತಿ ತಂತಿಗೂ "ಜಿಪಿಐಒ17" ಅಂತ ಹೆಸರು ಡಿವೈಸ್ ಟ್ರೀಯಲ್ಲೇ ಇದೆ. ಲಿಬ್‌ಜಿಪಿಐಒಡಿ ಲೈಬ್ರರಿಯಲ್ಲಿ ಆ ಹೆಸರು ಹಿಡಿದು ಹುಡುಕಿದ್ರೆ ತಂತಿ ಸಿಗುತ್ತೆ, ಲೆಕ್ಕ 512ರಿಂದ ಶುರುವಾದ್ರೂ ಅಷ್ಟೆ, ಸೊನ್ನೆಯಿಂದ ಶುರುವಾದ್ರೂ ಅಷ್ಟೆ. ಮ್ಯಾನ್ಯುಯಲ್‌ನಲ್ಲಿ ಬದಲಾಯಿಸಬೇಕಾದ್ದು ಹೆಚ್ಚಂದ್ರೆ ಒಂದು ಪುಟ. ಯಾವುದಾದ್ರೂ ಕಾಲೇಜಿನ ಲೆಕ್ಚರರ್ ಇದನ್ನ ಓದ್ತಾ ಇದ್ರೆ ಹೇಳಿ, ಒಂದು ಶನಿವಾರ ಬಂದು ಕೂತು ಬರ್ಕೊಡ್ತೀನಿ. ಶ್ರೀರಾಂಪುರದಿಂದ ಮೆಟ್ರೋ ಇದೆ, ಟಿಕೆಟ್ ದುಡ್ಡೂ ಬೇಡ, ಮಧ್ಯಾಹ್ನ ಕ್ಯಾಂಟೀನ್‌ನಲ್ಲಿ ಒಂದು ಪ್ಲೇಟ್ ಪುಳಿಯೋಗರೆ ಕೊಡಿಸಿ ಸಾಕು.